ನೆಲದ ಟೆಂಟ್, ರೂಫ್ ಟೆಂಟ್, ವ್ಯಾನ್: ಊರೂರು ಸುತ್ತುವ ಜೋಡಿಗೆ ಯಾವುದು?

ಇಬ್ಬರೇ ವಾರಗಟ್ಟಲೆ ರಸ್ತೆಯಲ್ಲಿದ್ದು ಒಂದು ಕ್ಯಾಂಪ್‌ಸೈಟಿನಿಂದ ಇನ್ನೊಂದಕ್ಕೆ ಸಾಗುವಾಗ, ಮಲಗುವ ವ್ಯವಸ್ಥೆ ಸರಿಯಾದರೆ ಅರ್ಧ ಗೆದ್ದಂತೆ. ನೆಲದ ಮೇಲೆ ಹೂಡುವ ಟೆಂಟ್, ಕಾರಿನ ನೆತ್ತಿಯ ಮೇಲೆ ಬಿಚ್ಚುವ ರೂಫ್ ಟೆಂಟ್, ಹಾಸಿಗೆ ಕೂರಿಸಿದ ವ್ಯಾನ್, ಈ ಮೂರನ್ನೂ ಮಳೆ, ಚಳಿ, ಗಾಳಿಗಳಲ್ಲಿ ಬಳಸಿ ನೋಡಿದ್ದೇವೆ. ಯಾವುದರಲ್ಲಿ ಸುಖ ಹೆಚ್ಚು ಎಂಬುದು ಆಮೇಲಿನ ಮಾತು. ಒಂದು ಜಾಗದಲ್ಲಿ ಎಷ್ಟು ರಾತ್ರಿ ಇರುತ್ತೀರಿ, ಹಗಲು ಹೊತ್ತು ಗಾಡಿ ಬೇಕೇ ಬೇಡವೇ, ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಹೊತ್ತಿನ ಲೆಕ್ಕ ನೋಡಿ. ಇಬ್ಬರು ಕೈಹಾಕಿದರೆ ನೆಲದ ಟೆಂಟ್ 15 ನಿಮಿಷದಲ್ಲಿ ನಿಲ್ಲುತ್ತದೆ. ಆದರೆ ಚಾಪೆಗೆ ಗಾಳಿ ತುಂಬಿ, ಹಾಸಿ ಹೊದೆಯುವುದನ್ನೆಲ್ಲ ಜೋಡಿಸಿ, ಸಾಮಾನು ಒಳಗಿಟ್ಟು ಮುಗಿಯುವಷ್ಟರಲ್ಲಿ 35–40 ನಿಮಿಷ ಆಗಿರುತ್ತದೆ. ಬೆಳಿಗ್ಗೆ ಕೀಳುವುದಕ್ಕೂ ಅಷ್ಟೇ, ಬಟ್ಟೆ ಒದ್ದೆಯಿದ್ದರೆ ಇನ್ನೂ ಹೆಚ್ಚು. ಗಟ್ಟಿ ಮುಚ್ಚಳದ ರೂಫ್ ಟೆಂಟ್ ಎರಡು ಮೂರು ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಬಟ್ಟೆ ಕವರಿನ ಮಡಚುವ ಮಾದರಿಗೆ ಬಿಚ್ಚಲು 10 ನಿಮಿಷ, ಕವರಿನೊಳಗೆ ಮತ್ತೆ ತುರುಕಲು ಅದರ ಎರಡರಷ್ಟು. ವ್ಯಾನಿನಲ್ಲಿ ಚಕ್ರ ಮಟ್ಟ ಮಾಡಿ ಕಿಟಕಿಗಳಿಗೆ ಮರೆ ಕಟ್ಟಿದರೆ ಮುಗಿಯಿತು. ಹೀಗಾಗಿ ಒಂದೊಂದೇ ರಾತ್ರಿ ತಂಗಿ ಮುಂದೆ ಹೋಗುವವರ ದಿನದಲ್ಲಿ ನೆಲದ ಟೆಂಟ್ ಒಂದು ಗಂಟೆಗೂ ಹೆಚ್ಚು ತಿಂದುಹಾಕುತ್ತದೆ. ಮೂರು ರಾತ್ರಿ ಒಂದೇ ಕಡೆ ಇರುವುದಾದರೆ ಲೆಕ್ಕ ತಿರುಗುತ್ತದೆ: ಟೆಂಟ್ ನಿಂತಲ್ಲೇ ನಿಂತಿರುತ್ತದೆ, ಗಾಡಿ ಬಿಡುವಾಗಿರುತ್ತದೆ. ರೂಫ್ ಟೆಂಟ್ ಇದ್ದವರು ಹತ್ತಿರದ ಅಂಗಡಿಗೆ ಹೋಗಬೇಕಾದರೂ ಮಲಗುವ ಮನೆಯನ್ನೇ ಮಡಚಿಕೊಂಡು ಹೋಗಬೇಕು.

ನೆಲದ ಟೆಂಟ್ ಕೊಳ್ಳುವಾಗ ‘ಇಬ್ಬರದು’ ಎಂಬ ಚೀಟಿಯನ್ನು ನಂಬಬೇಡಿ. ಅಂಥ ಟೆಂಟಿನ ಒಳಗಲ ಸಾಮಾನ್ಯವಾಗಿ 120–130 ಸೆಂ.ಮೀ. ಮಾಮೂಲಿ ಚಾಪೆ 51 ಸೆಂ.ಮೀ., ಅಗಲದ್ದು 64 ಸೆಂ.ಮೀ. ಎರಡು ಅಗಲದ ಚಾಪೆ ಹಾಸಿದರೆ ಅವು ಎರಡೂ ಪಕ್ಕದ ಗೋಡೆಗೆ ತಾಗುತ್ತವೆ, ನಿದ್ದೆಯಲ್ಲಿ ಹೊರಳಿದವರ ಭುಜ ಒದ್ದೆ ಬಟ್ಟೆಗೆ ಒತ್ತುತ್ತದೆ. ತಿಂಗಳುಗಟ್ಟಲೆ ಬಾಳುವುದಕ್ಕೆ ಮೂವರ ಟೆಂಟೇ ಬೇಕು, ಎರಡೂ ಪಕ್ಕದಲ್ಲಿ ಬಾಗಿಲಿರಬೇಕು. ಒಂದೇ ಬಾಗಿಲಿದ್ದರೆ ನಡುರಾತ್ರಿ ಎದ್ದವರು ಇನ್ನೊಬ್ಬರನ್ನು ದಾಟಿಕೊಂಡೇ ಹೋಗಬೇಕು. ಮೊದಲ ವಾರ ಇದು ಸಣ್ಣ ವಿಷಯ, ಆರನೇ ವಾರಕ್ಕೆ ಸಣ್ಣದಾಗಿ ಉಳಿಯುವುದಿಲ್ಲ.

ನೈಲಾನ್ ಹೊರಹೊದಿಕೆ ತೇವಕ್ಕೆ ಹಿಗ್ಗುತ್ತದೆ. ಸಂಜೆ ಎಷ್ಟೇ ಬಿಗಿಯಾಗಿ ಕಟ್ಟಿದರೂ ಮಳೆ ಬಂದ ಅರ್ಧ ಗಂಟೆಗೆ ಜೋಲುತ್ತದೆ, ಟೆಂಟಿನ ಒಳಪದರಕ್ಕೆ ತಾಗಿ ನೀರು ದಾಟಿಸುತ್ತದೆ. ಅದು ಸೋರಿಕೆಯಲ್ಲ, ಹಗ್ಗವನ್ನು ಇನ್ನೊಮ್ಮೆ ಬಿಗಿದರೆ ನಿಲ್ಲುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಒಂದೇ ಕಡೆ ಹೆಚ್ಚು ದಿನ ನಿಲ್ಲಿಸುವ ಟೆಂಟಿಗೆ ಅದೇ ವಾಸಿ. ತಳದ ಕೆಳಗೆ ಹಾಸುವ ಹಾಳೆ ಟೆಂಟಿನ ತಳಕ್ಕಿಂತ ಸುತ್ತಲೂ 5 ಸೆಂ.ಮೀ. ಚಿಕ್ಕದಿರಲಿ. ಹೊರಗೆ ಚಾಚಿಕೊಂಡರೆ ಹೊದಿಕೆಯಿಂದ ಇಳಿದ ಮಳೆನೀರೆಲ್ಲ ಹಾಳೆಯ ಮೇಲೆ ಸೇರಿ ನಿಮ್ಮ ಬೆನ್ನಿನ ಕೆಳಗೇ ಕೆರೆ ಕಟ್ಟುತ್ತದೆ. ಗೂಟವನ್ನು ಟೆಂಟಿನಿಂದ ಆಚೆಗೆ ತಲೆ ವಾಲುವಂತೆ ಹೊಡೆಯಿರಿ. ಮರಳಿನಲ್ಲಿ ಗೂಟ ಹಿಡಿಯುವುದಿಲ್ಲ, ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಮೊಳದಾಳ ಹೂಳಬೇಕು.

ನೆಲದಲ್ಲಿ ಚಳಿ ಬರುವುದು ಕೆಳಗಿನಿಂದ. ಮಲಗುಚೀಲದ ತುಪ್ಪುಳ ಮೈಭಾರಕ್ಕೆ ಚಪ್ಪಟೆಯಾಗುವುದರಿಂದ ಬೆನ್ನಿನ ಕಡೆ ಅದು ಲೆಕ್ಕಕ್ಕಿಲ್ಲ, ಅಲ್ಲಿ ಕಾಯುವುದು ಚಾಪೆ ಮಾತ್ರ. ಚಾಪೆಯ ಆರ್-ಮೌಲ್ಯ (ಚಳಿ ತಡೆಯುವ ಶಕ್ತಿಯ ಅಳತೆ) ಬೇಸಿಗೆಗೆ 2 ಸಾಕು, ತಂಪು ರಾತ್ರಿಗೆ 4, ನೆಲ ಹೆಪ್ಪುಗಟ್ಟುವ ಕಡೆ 5ಕ್ಕಿಂತ ಹೆಚ್ಚು. ಒಂದರ ಮೇಲೊಂದು ಹಾಸಿದರೆ ಮೌಲ್ಯ ಕೂಡಿಕೊಳ್ಳುತ್ತದೆ, ಆದ್ದರಿಂದ ಗಾಳಿ ಚಾಪೆಯ ಕೆಳಗೆ ತೆಳು ಫೋಮ್ ಹಾಸು ಇಟ್ಟರೆ ಚಳಿಯೂ ತಡೆಯುತ್ತದೆ, ಮುಳ್ಳೂ ತಡೆಯುತ್ತದೆ. ಇಬ್ಬರಿಗೂ ಸೇರಿ ಒಂದೇ ದೊಡ್ಡ ಗಾಳಿ ಚಾಪೆಯನ್ನು ನಾವು ಶಿಫಾರಸು ಮಾಡುವುದಿಲ್ಲ: ಒಬ್ಬರು ಮಗ್ಗುಲು ಬದಲಿಸಿದರೆ ಗಾಳಿ ಇನ್ನೊಬ್ಬರ ಕಡೆ ನುಗ್ಗಿ ಅವರನ್ನು ಮೇಲೆತ್ತುತ್ತದೆ. ಎರಡು ಬಿಡಿ ಚಾಪೆ ತಂದು, ನಡುವೆ ಬಿರುಕು ಬಿಡದಂತೆ ಪಟ್ಟಿಯಿಂದ ಬಿಗಿಯಿರಿ. ಮಲಗುಚೀಲಗಳನ್ನು ಒಂದಕ್ಕೊಂದು ಜೋಡಿಸುವ ಆಸೆಯಿದ್ದರೆ ಒಂದರ ಜಿಪ್ ಎಡಕ್ಕೆ, ಇನ್ನೊಂದರದು ಬಲಕ್ಕೆ ಇರಬೇಕು, ಜಿಪ್ಪಿನ ಉದ್ದವೂ ಹಲ್ಲಿನ ಗಾತ್ರವೂ ಒಂದೇ ಆಗಿರಬೇಕು.

ರೂಫ್ ಟೆಂಟಿನ ವಿಚಾರದಲ್ಲಿ ಮೊದಲು ನೋಡಬೇಕಾದ್ದು ಟೆಂಟನ್ನಲ್ಲ, ಕಾರಿನ ಕೈಪಿಡಿಯನ್ನು. ಅದರಲ್ಲಿ ಛಾವಣಿಯ ಮೇಲೆ ಹೊರಬಹುದಾದ ತೂಕ ಬರೆದಿರುತ್ತದೆ. ಅದು ಗಾಡಿ ಓಡುವಾಗಿನ ಮಿತಿ. ಮಿತಿ 75 ಕೆ.ಜಿ. ಎಂದಿಟ್ಟುಕೊಳ್ಳಿ: ಟೆಂಟ್ ಕೂರಿಸುವ ಅಡ್ಡಪಟ್ಟಿಗಳು 7, ಟೆಂಟ್ 60, ಒಳಗೇ ಬಿಟ್ಟ ಹಾಸಿಗೆ ಬಟ್ಟೆ 5, ಒಟ್ಟು 72. ಏಣಿಯನ್ನು ಬೇರೆ ತೂಗಿ ನೋಡಿ, ಕೆಲವು ಟೆಂಟುಗಳ ಘೋಷಿತ ತೂಕದಲ್ಲಿ ಅದು ಸೇರಿರುವುದಿಲ್ಲ. ಅಡ್ಡಪಟ್ಟಿಗೂ ತನ್ನದೇ ಮಿತಿಯಿರುತ್ತದೆ, ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. ಹಾಗಾದರೆ ಒಟ್ಟು 140 ಕೆ.ಜಿ. ತೂಗುವ ಇಬ್ಬರು ಮೇಲೆ ಮಲಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಗಾಡಿ ಓಡುವಾಗ ತಿರುವು, ಬ್ರೇಕು, ಗುಂಡಿಗಳಲ್ಲಿ ಭಾರಕ್ಕೆ ಜಗ್ಗುವ ಬಲವೂ ಸೇರುತ್ತದೆ, ನಿಂತಾಗ ಬರಿಯ ತೂಕ ಮಾತ್ರ. ಆದ್ದರಿಂದ ನಿಂತಾಗಿನ ಮಿತಿ ಎಷ್ಟೋ ಪಾಲು ಹೆಚ್ಚು. ಅದನ್ನೂ ಕಾರು ಮತ್ತು ಅಡ್ಡಪಟ್ಟಿ ತಯಾರಿಸಿದವರಿಂದ ಕೇಳಿ ತಿಳಿಯಿರಿ, ಊಹೆಗೆ ಬಿಡಬೇಡಿ.

ಕೂರಿಸಿದ ಮೇಲೆ ಮೊದಲ 50 ಕಿ.ಮೀ. ಓಡಿಸಿ ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. ಆಮೇಲೆ ವಾರಕ್ಕೊಮ್ಮೆ ಕೈಯಾಡಿಸಿದರೆ ಸಾಕು. ಗಾಡಿಯ ಹೊಸ ಎತ್ತರ ಅಳೆದು ಸ್ಟಿಯರಿಂಗ್ ಎದುರು ಅಂಟಿಸಿಕೊಳ್ಳಿ. ತಗ್ಗಿನ ಪಾರ್ಕಿಂಗ್ ಕಮಾನುಗಳು ಇನ್ನು ನಿಮ್ಮವಲ್ಲ. ಕಾರಿನಿಂದ ಹೊರಕ್ಕೆ ಚಾಚುವ ಮಾದರಿಯಲ್ಲಿ ಅರ್ಧ ತಳವನ್ನು ಹೊರುವುದೇ ಏಣಿ. ಅದನ್ನು ನೆಲಕ್ಕೆ ಸುಮಾರು 70–75 ಡಿಗ್ರಿ ಕೋನದಲ್ಲಿ ನಿಲ್ಲಿಸಿ, ಎರಡೂ ಕಾಲು ಗಟ್ಟಿಯಾಗಿ ಊರಿವೆಯೇ ನೋಡಿ. ನೆಲ ಮೆತ್ತಗಿದ್ದರೆ ಕೆಳಗೆ ಹಲಗೆ ಕೊಡಿ, ಇಲ್ಲದಿದ್ದರೆ ರಾತ್ರಿ ಒಂದು ಕಾಲು ಹೂತು ತಳ ತಿರುಚಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಗುವ ಲಾಭವೂ ನಿಜವಾದದ್ದೇ. ಕಲ್ಲು, ಬೇರು, ಕೆಸರು, ನಿಂತ ನೀರು ಯಾವುದೂ ಲೆಕ್ಕಕ್ಕಿಲ್ಲ, ಗಾಡಿ ನಿಂತಲ್ಲಿ ಹಾಸಿಗೆ. ಆದರೆ ಗಾಳಿ ಎದ್ದ ರಾತ್ರಿ ಮೂರರಲ್ಲಿ ಕಡೆಯ ಸ್ಥಾನ ಇದಕ್ಕೇ: ಬಟ್ಟೆ ಎತ್ತರದಲ್ಲಿ ಪಟಪಟಿಸುತ್ತದೆ, ಒಬ್ಬರು ಹೊರಳಿದರೆ ಇಡೀ ಗಾಡಿ ತೂಗುತ್ತದೆ. ಮಂಡಿನೋವು ಇರುವವರಿಗೆ ನಡುರಾತ್ರಿಯ ಏಣಿ ಬೇಡವೇ ಬೇಡ.

ಮೂರಕ್ಕೂ ಸಮಾನ ವೈರಿ ತೇವ. ಇಬ್ಬರ ಉಸಿರು ಮತ್ತು ಬೆವರಿನಿಂದ ಒಂದು ರಾತ್ರಿಗೆ ಅರ್ಧದಿಂದ ಒಂದು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅದು ಎಲ್ಲಿ ತಣ್ಣನೆಯ ಮೈ ಸಿಗುತ್ತದೋ ಅಲ್ಲಿ ಹನಿಗಟ್ಟುತ್ತದೆ. ಎರಡು ಪದರದ ನೆಲದ ಟೆಂಟಿನಲ್ಲಿ ಹೊರಹೊದಿಕೆಯ ಒಳಮೈಗೆ ಹತ್ತಿ, ಅಲ್ಲಿಂದಲೇ ಜಾರಿ ಹೋಗುತ್ತದೆ. ಕೆಳಗೊಂದು ಮೇಲೊಂದು ಕಿಂಡಿ ತೆರೆದಿದ್ದರೆ ಸಾಕು. ರೂಫ್ ಟೆಂಟಿನಲ್ಲಿ ಮೋಸ ಕಣ್ಣಿಗೆ ಕಾಣುವುದಿಲ್ಲ: ಮೈಯ ಬೆಚ್ಚನೆ ಆವಿ ಫೋಮಿನೊಳಗಿಂದ ಇಳಿದು ತಣ್ಣನೆಯ ತಳದ ಹಲಗೆಯ ಮೇಲೆ ನೀರಾಗುತ್ತದೆ. ಎರಡು ವಾರ ಹಾಸಿಗೆ ಎತ್ತದಿದ್ದರೆ ಕೆಳಗೆ ಕಪ್ಪು ಬೂಷ್ಟು ಖಚಿತ. ಹಾಸಿಗೆಯ ಅಡಿಗೆ ಗಾಳಿಯಾಡುವ ಬಲೆಹಾಸು ಒಂದೆರಡು ಸೆಂ.ಮೀ. ದಪ್ಪದ್ದು ಹಾಕಿ, ಬೆಳಿಗ್ಗೆ ಮಡಚುವ ಮೊದಲು ಹಾಸಿಗೆಯನ್ನು ಹತ್ತು ನಿಮಿಷ ನಿಲ್ಲಿಸಿ ಒಣಗಿಸಿ. ವ್ಯಾನಿನಲ್ಲಿ ಹನಿ ಕಟ್ಟುವುದು ಗಾಜು ಮತ್ತು ಹೊದಿಸದ ತಗಡಿನ ಮೇಲೆ. ಕಿಟಕಿಗೆ ಶಾಖತಡೆ ಮರೆ ಕಟ್ಟಿದರೂ ಎದುರುಬದುರು ಎರಡು ಕಡೆ ಬೆರಳಗಲ ತೆರೆದೇ ಮಲಗಬೇಕು, ಚಳಿಗಾಲದಲ್ಲೂ.

ಒಳಗೆ ಗ್ಯಾಸ್ ಹೀಟರ್ ಹಚ್ಚಿ ಒಣಗಿಸುತ್ತೇವೆ ಎಂಬುದು ತಪ್ಪು ತಿಳಿವಳಿಕೆ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 1.6 ಕೆ.ಜಿ. ನೀರಾವಿ ಹುಟ್ಟುತ್ತದೆ, ಹೊಗೆನಳಿಗೆ ಇಲ್ಲದ ಹೀಟರ್ ಅದನ್ನೆಲ್ಲ ನಿಮ್ಮ ಹಾಸಿಗೆಗೇ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿದ ಜಾಗದಲ್ಲಿ ಯಾವುದೇ ಒಲೆ, ಇದ್ದಿಲು, ಹೀಟರ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಟೆಂಟ್ ಬಟ್ಟೆ ಗಾಳಿ ಬಿಡುತ್ತದೆ ಎಂಬ ಧೈರ್ಯ ಬೇಡ. ವ್ಯಾನಿನಲ್ಲಿ ಗ್ಯಾಸ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ತಳಮಟ್ಟದಲ್ಲಿ ಹೊರಗೆ ತೆರೆಯುವ ಕಿಂಡಿ ಎರಡೂ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ವ್ಯಾನಿನ ನಿಜವಾದ ಕೆಲಸವಿರುವುದು ವಿದ್ಯುತ್ತಿನಲ್ಲಿ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ 45 ವ್ಯಾಟ್ ಎಳೆದು, ದಿನದಲ್ಲಿ ಮೂರನೇ ಒಂದು ಪಾಲು ಓಡುತ್ತದೆ ಎಂದುಕೊಂಡರೆ 360 ವ್ಯಾಟ್-ಗಂಟೆ, ಅಂದರೆ 30 ಆಂಪಿಯರ್-ಗಂಟೆ. ದೀಪ, ಫ್ಯಾನ್, ಫೋನು ಸೇರಿ 45ಕ್ಕೆ ಮುಟ್ಟುತ್ತದೆ. ನೂರು ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ ಅದರ ಆಯಸ್ಸು ಕುಗ್ಗುತ್ತದೆ, ಆದ್ದರಿಂದ ಅದು ಒಂದು ದಿನಕ್ಕೆ. ಅದೇ ನೂರರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ದಿನಕ್ಕೆ ಹತ್ತಿರ ಬರುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಇಲ್ಲಿಯೂ ರಾತ್ರಿಗಳ ಲೆಕ್ಕವೇ ಮುಖ್ಯ. ದಿನವೂ ಒಂದೂವರೆ ಗಂಟೆ ಓಡಿಸುವವರಿಗೆ ಎಂಜಿನ್ನಿನಿಂದ 30 ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಒಂದೇ 45ನ್ನೂ ತುಂಬಿಸುತ್ತದೆ, ಸೋಲಾರ್ ಬೇಕಾಗಿಲ್ಲ. ನಿಂತಲ್ಲೇ ನಿಲ್ಲುವವರಿಗೆ ಛಾವಣಿಯ 100 ವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 25–30 ಆಂಪಿಯರ್-ಗಂಟೆ ಕೊಡುತ್ತದೆ, ಅಂದರೆ ಎರಡು ಬೇಕು. ತಂಪಿಗೆಂದು ಮರದಡಿ ನಿಲ್ಲಿಸಿದರೆ ಆ ಲೆಕ್ಕವೂ ಹೋಯಿತು. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ.

ಕ್ಯಾಂಪ್‌ಸೈಟಿನ ಕಂಬದಿಂದ ಕರೆಂಟು ತೆಗೆದುಕೊಳ್ಳುವಾಗ ಅಲ್ಲಿ ಬರೆದ ಆಂಪಿಯರ್ ನೋಡಿ. 230 ವೋಲ್ಟ್ ಇರುವ ಕಡೆ 6 ಆಂಪಿಯರ್ ಅಂದರೆ 1380 ವ್ಯಾಟ್. ಎರಡು ಸಾವಿರ ವ್ಯಾಟಿನ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ. ವೈರು ಸುತ್ತಿದ ರಾಟೆಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು, ಸುತ್ತಿಕೊಂಡೇ ಇದ್ದರೆ ಶಾಖ ಹೊರಹೋಗದೆ ವೈರಿನ ಪ್ಲಾಸ್ಟಿಕ್ ಕರಗುತ್ತದೆ.

ನಿದ್ದೆಯ ಮಟ್ಟಿಗೆ ವ್ಯಾನೇ ಮೇಲು, ಗಾಡಿ ಮಟ್ಟವಾಗಿದ್ದರೆ ಮಾತ್ರ. ತಲೆ ಸ್ವಲ್ಪ ಎತ್ತರವಿದ್ದರೆ ತೊಂದರೆಯಿಲ್ಲ, ಪಕ್ಕಕ್ಕೆ ವಾಲಿದ್ದರೆ ರಾತ್ರಿಯಿಡೀ ಒಬ್ಬರು ಇನ್ನೊಬ್ಬರ ಮೇಲೆ ಜಾರುತ್ತಿರುತ್ತಾರೆ. ಎಡಬಲ ಚಕ್ರಗಳ ನಡುವೆ 1.6 ಮೀಟರ್ ಇದ್ದರೆ ಒಂದು ಡಿಗ್ರಿ ಸರಿಪಡಿಸಲು 3 ಸೆಂ.ಮೀ. ಹಲಗೆ ಸಾಕು. ಅಡ್ಡಲಾಗಿ ಹಾಕಿದ ಹಾಸಿಗೆ ಜಾಗ ಉಳಿಸುತ್ತದೆ, ಆದರೆ ಒಳಬದಿಯವರು ಇನ್ನೊಬ್ಬರನ್ನು ದಾಟಬೇಕು. ಉದ್ದಕ್ಕೆ ಹಾಕಿದರೆ ಇಬ್ಬರಿಗೂ ಅವರವರ ಕಾಲ್ದಾರಿ. ಇಬ್ಬರಲ್ಲಿ ಒಬ್ಬರು 1.8 ಮೀಟರ್ ದಾಟಿದವರಾದರೆ ಅಡ್ಡ ಹಾಸಿಗೆಯ ಮಾತೇ ಬೇಡ.

ನಮ್ಮ ಕೊನೆಯ ಏರ್ಪಾಟು ಮೂರರಲ್ಲಿ ಒಂದಲ್ಲ, ಎರಡರ ಜೋಡಿ. ಒಂದು ರಾತ್ರಿಯ ತಂಗುದಾಣಗಳಲ್ಲಿ ವ್ಯಾನಿನಲ್ಲೇ ಮಲಗುವುದು. ಮೂರು ದಿನಕ್ಕಿಂತ ಹೆಚ್ಚು ನಿಲ್ಲುವ ಕಡೆ ಮೂವರ ಪಾಲಿಯೆಸ್ಟರ್ ಟೆಂಟ್ ಹೂಡಿ, ಕುರ್ಚಿ, ಮೇಜು, ನೀರಿನ ಕ್ಯಾನ್ ಅದರಲ್ಲೇ ಬಿಟ್ಟು, ಹಗಲು ವ್ಯಾನ್ ತೆಗೆದುಕೊಂಡು ಸುತ್ತುವುದು. ಆಗ ಜಾಗ ಖಾಲಿಯಿದೆ ಎಂದು ಬೇರೆಯವರು ಬಂದು ನಿಲ್ಲಿಸುವುದಿಲ್ಲ, ವ್ಯಾನ್ ಓಡಿದ್ದರಿಂದ ಬ್ಯಾಟರಿಯೂ ತುಂಬಿರುತ್ತದೆ. ಟೆಂಟನ್ನು ವ್ಯಾನಿನ ಬಾಗಿಲಿಗೆ ಅಂಟಿಸಿ ಕಟ್ಟಬೇಡಿ, ಎರಡು ಮೀಟರ್ ದೂರ ಬಿಡಿ. ಹೊರಟಾಗ ಹಗ್ಗ ಬಿಚ್ಚುವ ಕೆಲಸವಿಲ್ಲ, ತಿರುಗಿ ಬಂದಾಗ ಚಕ್ರ ಎಲ್ಲಿ ನಿಲ್ಲಬೇಕೆಂಬುದಕ್ಕೆ ಮಟ್ಟದ ಹಲಗೆಗಳನ್ನು ಅಲ್ಲೇ ಬಿಟ್ಟಿರಿ.