ಮಿಶ್ರತಳಿ ಕಡಲಾಮೆ: ಚಿಪ್ಪು ನೋಡಬೇಕೇ, ಡಿಎನ್‌ಎ ನೋಡಬೇಕೇ?

ತಂಗಿ, ಸಮುದ್ರವಿಲ್ಲದ ಕಲಬುರಗಿಯಲ್ಲಿ ಕುಳಿತು ಕಡಲಾಮೆಯ ಪ್ರಾಜೆಕ್ಟ್ ಹಿಡಿದಿದ್ದೀಯಲ್ಲ, ತುಂಬಾ ಸಂತೋಷವಾಯಿತು. ಎರಡು ಜಾತಿಗಳು ಕೂಡಿ ಹುಟ್ಟಿದ ಮಿಶ್ರತಳಿ ಆಮೆಯನ್ನು ಗುರುತಿಸಲು ಯಾವ ವಿಧಾನ ಎಂದು ಕೇಳಿದ್ದೀಯ.

ಖರ್ಚು ನೋಡಿದರೆ ಚಿಪ್ಪಿನ ಫೋಟೊ ಸಾಕು. ಹಾಕ್ಸ್‌ಬಿಲ್, ಲಾಗರ್‌ಹೆಡ್ ಎಂಬ ಎರಡು ಕಡಲಾಮೆ ಜಾತಿಗಳನ್ನೇ ತೆಗೆದುಕೊ. ಹಾಕ್ಸ್‌ಬಿಲ್‌ಗೆ ಚಿಪ್ಪಿನ ಪಕ್ಕದ ಫಲಕ ನಾಲ್ಕು ಜೊತೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು. ಲಾಗರ್‌ಹೆಡ್‌ಗೆ ಸಾಮಾನ್ಯವಾಗಿ ಐದು ಜೊತೆ. ಆದರೆ ಮಿಶ್ರತಳಿಯ ಆಮೆ ತಾಯಿ ಅಥವಾ ತಂದೆ, ಒಬ್ಬರ ಜಾತಿಯನ್ನಷ್ಟೇ ಅಚ್ಚು ಹೊಯ್ದಂತೆ ಹೋಲಬಹುದು. ಬ್ರೆಜಿಲ್‌ನ ಬಾಹಿಯಾ ತೀರದಲ್ಲಿ ಹಾಕ್ಸ್‌ಬಿಲ್ ಎಂದುಕೊಂಡಿದ್ದ ಹೆಣ್ಣುಗಳಲ್ಲಿ ಸುಮಾರು ಶೇ. 40ರಷ್ಟು ಮಿಶ್ರತಳಿ ಎಂದು ತೋರಿಸಿದ್ದು ಡಿಎನ್‌ಎ. ಅಳಿವಿನಂಚಿನ ಜೀವಿಯ ಎಣಿಕೆಯಲ್ಲಿ ಇದು ಸಣ್ಣ ತಪ್ಪಲ್ಲ.

ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷೆ ಸುಲಭ, ಆದರೆ ತಾಯಿಯ ಕಡೆಯದನ್ನಷ್ಟೇ ಹೇಳುತ್ತದೆ. ಕೋಶಕೇಂದ್ರದ್ದು ದುಬಾರಿ, ಆದರೆ ಮೊದಲ ಪೀಳಿಗೆಯೋ ಮರುಸಂಕರವೋ (ಮಿಶ್ರತಳಿಯು ಮತ್ತೆ ಮೂಲ ಜಾತಿಯೊಂದಿಗೆ ಕೂಡಿ ಹುಟ್ಟಿದ್ದು) ಎಂಬುದನ್ನೂ ಬಿಡಿಸುತ್ತದೆ.

ಒಂದೇ ಸೆಮಿಸ್ಟರ್ ಇದ್ದರೆ ಫೋಟೊ ಮತ್ತು ಮೈಟೊಕಾಂಡ್ರಿಯ ಸಾಕು. ಯಾವ ತೀರವನ್ನು ಕಾಯಬೇಕೆಂಬ ಪ್ರಶ್ನೆಯಾದರೆ ಕೋಶಕೇಂದ್ರದ ಡಿಎನ್‌ಎ ಬೇಕೇ ಬೇಕು.