ಒಂದೇ ಫ್ರೇಮಿಗೆ ಮೂರು ಫೋರ್ಕು: ಜೋಗಿಮಟ್ಟಿ ತಪ್ಪಲಿನಲ್ಲಿ ಮಾಡಿ ನೋಡಿದ ಹೋಲಿಕೆ

ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಕ್ಕ ಕ್ರೋಮೋಲಿ ಉಕ್ಕಿನ ಹಳೆಯ ಸೈಕಲ್ ಫ್ರೇಮೊಂದಕ್ಕೆ ಚಿತ್ರದುರ್ಗದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬಿಡಿಭಾಗಗಳನ್ನು ಜೋಡಿಸತೊಡಗಿದಾಗ, ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲು. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ (ಕುಸಿದು ಏಟು ತಗ್ಗಿಸುವ ಏರ್ಪಾಡು) ಇಲ್ಲದ ಮೌಂಟನ್ ಬೈಕನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಮುಂದೆಯೂ ಇಲ್ಲದಿದ್ದರೆ ಅದು ರಿಜಿಡ್. ನನ್ನ ಮನಸ್ಸು ಮೊದಲಿನಿಂದಲೂ ರಿಜಿಡ್ ಕಡೆಗೇ ಇತ್ತು. ಆದರೂ ಬರಿಯ ಹಟಕ್ಕೆ ಆರಿಸಿದಂತಾಗಬಾರದೆಂದು ಮೂರು ಫೋರ್ಕುಗಳನ್ನು ಒಂದಾದ ಮೇಲೊಂದು ಹಾಕಿ, ಅವೇ 26 ಇಂಚಿನ ಚಕ್ರ, ಅವೇ ಟೈರುಗಳಲ್ಲಿ, ಊರ ಬಳಿಯ ಜೋಗಿಮಟ್ಟಿ ಬೆಟ್ಟದ ತಪ್ಪಲಿನ ಒಂದೇ ಕಲ್ಲುದಾರಿಯಲ್ಲಿ ಓಡಿಸಿ ನೋಡಿದೆ.

ಮೊದಲನೆಯದು ಫ್ರೇಮಿನ ಜೊತೆಗೇ ಬಂದಿದ್ದ, 80 ಮಿ.ಮೀ. ಕುಸಿಯುವ ಸ್ಪ್ರಿಂಗ್ ಫೋರ್ಕ್. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅದು 2 ಕೆ.ಜಿ. 450 ಗ್ರಾಂ ತೂಗಿತು. ಇಂಥ ಅಗ್ಗದ ಫೋರ್ಕಿನ ದೊಡ್ಡ ದೋಷವೆಂದರೆ ಒಳಗಿನ ಕೊಳವೆ ಹೊರಗಿನ ಕೊಳವೆಗೆ ಉಜ್ಜಿಕೊಂಡು ಹಿಡಿದು ನಿಲ್ಲುವುದು. ಸಣ್ಣ ಜಲ್ಲಿಯ ಮೇಲೆ ಓಡುವಾಗ ಅದು ಕುಸಿಯುವುದೇ ಇಲ್ಲ. ಆ ನಡುಕವೆಲ್ಲ ನೇರವಾಗಿ ಅಂಗೈಗೆ ಬರುತ್ತದೆ. ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿದಾಗ ಮಾತ್ರ, ಬೇಡವಾದ ಹೊತ್ತಿನಲ್ಲಿ, ಧಾರಾಳವಾಗಿ ಕುಸಿಯುತ್ತದೆ. ಆದರೆ ಇಳಿಜಾರಿನಲ್ಲಿ ಮೊಣಕೈ ಉದ್ದದ ಬಂಡೆಗಳು ಮೆಟ್ಟಿಲಿನಂತೆ ಎದ್ದಿರುವ ಕಡೆ ಈ ಫೋರ್ಕೇ ಗೆದ್ದಿತೆಂದು ಒಪ್ಪಬೇಕು. ಅಲ್ಲಿ ನಾನು ಬ್ರೇಕ್ ಬಿಟ್ಟು ಇಳಿದದ್ದು ಇದೊಂದರಲ್ಲೇ.

ಇದನ್ನು ಬಿಚ್ಚಿಸಲು ಹೋದಾಗ ಸೈಕಲ್ ಶಾಪಿನ ಹಿರಿಯರು, "ಶಾಕಪ್ಸರ್ ಇರೋದ್ ತೆಗ್ದು ಇಲ್ಲದ್ದು ಹಾಕು ಅಂತೀರಲ್ಲ ಸಾರ್, ಎಲ್ರೂ ಉಲ್ಟಾ ಕೇಳ್ತಾರೆ" ಎಂದು ನಕ್ಕರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ ಈ ಮೌಂಟನ್ ಬೈಕಿಂಗ್ ಆಟ ಬೆಳೆದದ್ದೇ ಸಸ್ಪೆನ್ಷನ್ ಇಲ್ಲದ ಸೈಕಲ್‌ಗಳಲ್ಲಿ, ರಾಕ್‌ಶಾಕ್ಸ್ ಕಂಪನಿಯ ಮೊದಲ ಸಸ್ಪೆನ್ಷನ್ ಫೋರ್ಕ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ ಎಂದು ಹೇಳಹೊರಟೆನಾದರೂ, ಅವರು ಅಷ್ಟರಲ್ಲಿ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಿಯ) ಕೆಳಗಿನ ಕಪ್ಪನ್ನು ತಟ್ಟತೊಡಗಿದ್ದರು.

ಎರಡನೆಯ ಫೋರ್ಕಿನಲ್ಲಿ ನಾನು ಎಡವಿದೆ. ಹಳೆಯ ಕಾಲದ ರಿಜಿಡ್ ಫೋರ್ಕೊಂದು ಅಗ್ಗವಾಗಿ ಸಿಕ್ಕಿತೆಂದು ಅಳತೆ ಹಿಡಿಯದೆ ತಂದಿದ್ದೆ. ಫೋರ್ಕಿನಲ್ಲಿ ನೋಡಬೇಕಾದ ಮುಖ್ಯ ಅಳತೆ ಚಕ್ರದ ಆಕ್ಸಲ್‌ನಿಂದ ಹೆಡ್‌ಸೆಟ್ಟಿನ ಕೆಳ ಬಳೆ ಕೂರುವ ಭುಜದವರೆಗಿನ ಉದ್ದ. ಸ್ಪ್ರಿಂಗ್ ಫೋರ್ಕಿನಲ್ಲಿ ಅದು 450 ಮಿ.ಮೀ. ಇದ್ದರೆ ಇದರಲ್ಲಿ 395 ಮಾತ್ರ. ಮುಂಭಾಗ ಇಷ್ಟು ತಗ್ಗಿದರೆ ಹ್ಯಾಂಡಲ್ ಕೊಳವೆಯ ಓರೆ ಎರಡೂವರೆ-ಮೂರು ಡಿಗ್ರಿಯಷ್ಟು ಕಡಿದಾಗುತ್ತದೆ, ಪೆಡಲುಗಳ ಅಚ್ಚು ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ. ಕಾಗದದ ಮೇಲೆ ಅಲ್ಪವೆನಿಸುವ ಈ 2 ಸೆಂ.ಮೀ. ಏನೆಂಬುದು ಮೊದಲ ಭಾನುವಾರವೇ ತಿಳಿಯಿತು: ಎಡ ಪೆಡಲ್ ನೆಲದಿಂದ ಎದ್ದಿದ್ದ ಬಂಡೆಯ ಅಂಚಿಗೆ ಬಡಿದು, ಹ್ಯಾಂಡಲ್ ಬಲಕ್ಕೆ ಹೊರಳಿ, ನಾನು ತಂಗಡಿ ಗಿಡದ ಮೇಲೆ ಬಿದ್ದೆ. ಗಿಡ ಮೆತ್ತಗಿತ್ತು; ಪೆಡಲಿನ ಅಚ್ಚು ಬಾಗಿತ್ತು.

ಮೂರನೆಯದು ಸಸ್ಪೆನ್ಷನ್‌ಗೆಂದು ಮಾಡಿದ ಫ್ರೇಮುಗಳಿಗೆ ಹೊಂದುವಂತೆ ಉದ್ದ ಮಾಡಿದ ರಿಜಿಡ್ ಉಕ್ಕಿನ ಫೋರ್ಕ್. ಅಳತೆ 425 ಮಿ.ಮೀ. ಇದು 450 ಏಕಲ್ಲ ಎಂದರೆ, ಸ್ಪ್ರಿಂಗ್ ಫೋರ್ಕ್ ಸವಾರ ಕುಳಿತೊಡನೆ ತನ್ನ ಕುಸಿತದ ಕಾಲು ಭಾಗದಷ್ಟು ತಾನಾಗಿಯೇ ಇಳಿದಿರುತ್ತದೆ. ತೂಕ 1 ಕೆ.ಜಿ. 180 ಗ್ರಾಂ, ಅಂದರೆ ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಏರಿನಲ್ಲಿ ಸೈಕಲ್ ತುಳಿದಷ್ಟೂ ಮುಂದಕ್ಕೆ ಹೋಗುತ್ತದೆ, ಮುಂದಿನ ಚಕ್ರವನ್ನು ಎರಡು ಕಲ್ಲುಗಳ ನಡುವೆ ಇಡಬೇಕೆಂದರೆ ಅಲ್ಲೇ ಇಡಬಹುದು. ಮೆಟ್ಟಿಲುಬಂಡೆಯ ಇಳಿಜಾರಿನಲ್ಲಿ ಮಾತ್ರ ಮೊಣಕೈ ಮಡಿಸಿ, ನಿಧಾನವಾಗಿ, ದಾರಿ ಹುಡುಕುತ್ತ ಇಳಿಯಬೇಕು. ನನಗೆ ಅದೇ ಖುಷಿ.

ಆದರೆ ಈ ಮೂರರ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಆಮೇಲೆ ಬದಲಿಸಿ ನೋಡಿದ ಟೈರಿನಲ್ಲಿ. 1.95 ಇಂಚಿನ ಟೈರಿಗೆ 40 ಪಿಎಸ್‌ಐ ಗಾಳಿ ತುಂಬಿ ಸ್ಪ್ರಿಂಗ್ ಫೋರ್ಕಿನಲ್ಲಿ ಹೋದಾಗ ಇದ್ದ ನಡುಕ, 2.35 ಇಂಚಿನ ಟೈರಿಗೆ 26 ಪಿಎಸ್‌ಐ ತುಂಬಿ ರಿಜಿಡ್ ಫೋರ್ಕಿನಲ್ಲಿ ಹೋದಾಗ ಇರಲಿಲ್ಲ. ಟೈರು ಉಜ್ಜಿಕೊಂಡು ಹಿಡಿದು ನಿಲ್ಲುವ ವಸ್ತುವಲ್ಲ. ಮೊದಲ ಜಲ್ಲಿಕಲ್ಲಿಗೇ ಮಣಿಯುತ್ತದೆ. ಇನ್ನೂ ಮೆತ್ತಗಿರಲೆಂದು 22ಕ್ಕೆ ಇಳಿಸಿದ ದಿನ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬಿಟ್ಟಿತು. ಎಪ್ಪತ್ತು ಕೆ.ಜಿ.ಯ ನನಗೆ 26 ಸರಿ. ಉಳಿದವರು ತಮ್ಮ ತೂಕ ನೋಡಿ ಹೊಂದಿಸಿಕೊಳ್ಳಬೇಕು. ಬಳ್ಳಾರಿ ಜಾಲಿಯ ಮುಳ್ಳಿಗೆ ದಪ್ಪ ಟೈರೂ ಒಂದೇ, ತೆಳ್ಳನೆಯದೂ ಒಂದೇ. ಟ್ಯೂಬಿನೊಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಹಾಕದೆ ಈ ಸೀಮೆಯಲ್ಲಿ ಹೊರಡುವುದು ವ್ಯರ್ಥ.

ಗೇರಿನ ವಿಷಯದಲ್ಲಿ ಹೊಸ ರೂಢಿಯನ್ನು ನಂಬಿ ಕೆಟ್ಟೆ. ಮುಂದೆ ಪೆಡಲಿನ ಬಳಿ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 34 ಹಲ್ಲಿನ ಕ್ಯಾಸೆಟ್ (ಗೇರುಚಕ್ರಗಳ ಗೊಂಚಲು) ಇಟ್ಟರೆ ನೋಡಲು ಚೆಂದ. ಅದರ ಅತಿ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 0.94 ಸುತ್ತು ತಿರುಗಬೇಕು. ಮುಂದೆ 22 ಹಲ್ಲಿನ ಚಕ್ರವಿದ್ದರೆ 0.65 ಸಾಕು. ಜೋಗಿಮಟ್ಟಿಯ ಏರಿನಲ್ಲಿ ಈ ವ್ಯತ್ಯಾಸವೆಂದರೆ ತುಳಿಯುವುದಕ್ಕೂ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ. ಕೊನೆಗೆ ಮುಂದಿನ ಮೂರು ಹಲ್ಲುಚಕ್ರಗಳಲ್ಲಿ 42 ಹಲ್ಲಿನ ದೊಡ್ಡದನ್ನಷ್ಟೇ ತೆಗೆದು, 32 ಮತ್ತು 22 ಎರಡನ್ನೂ ಉಳಿಸಿಕೊಂಡೆ.

ಬ್ರೇಕುಗಳ ಹೋಲಿಕೆ ಮಳೆಗಾಲದಲ್ಲಿ ತಾನಾಗಿಯೇ ನಡೆಯಿತು. ಹೊಸ ಫೋರ್ಕಿಗೆ ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವಂಥದ್ದು) ಕೂರಿಸುವ ಕಿವಿ ಇದ್ದುದರಿಂದ ಮುಂದೆ ಕೇಬಲ್ಲಿನ 160 ಮಿ.ಮೀ. ಡಿಸ್ಕ್ ಹಾಕಿದ್ದೆ, ಹಳೆಯ ಫ್ರೇಮಿಗೆ ಅಂಥ ಕಿವಿ ಇಲ್ಲವಾದ್ದರಿಂದ ಹಿಂದೆ ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್ ಉಳಿಯಿತು. ಒಣನೆಲದಲ್ಲಿ ಎರಡರಲ್ಲೂ ದೂರು ಹೇಳುವಂಥದ್ದಿಲ್ಲ. ಭರಮಸಾಗರದ ಕಡೆ ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಮಳೆ ಹಿಡಿದಾಗ ಮಾತ್ರ ಎರೆಮಣ್ಣು ಟೈರಿಗೆ ಪದರುಪದರಾಗಿ ಸುತ್ತಿಕೊಂಡು, ಹಿಂದಿನ ಬ್ರೇಕಿನ ತೋಳುಗಳ ಕೆಳಗೆ ಮುದ್ದೆಯಾಗಿ ತುಂಬಿ, ಚಕ್ರ ತಿರುಗುವುದೇ ನಿಂತಿತು. ಮುಂದಿನ ಚಕ್ರ ಅಷ್ಟೇ ಮಣ್ಣು ಹೊತ್ತು ತಿರುಗುತ್ತಲೇ ಇತ್ತು. ನೂರು ಹೆಜ್ಜೆಗೊಮ್ಮೆ ನಿಂತು ಜೋಳದ ದಂಟಿನಿಂದ ಮಣ್ಣು ಕೆರೆಯುತ್ತ ಡಾಂಬರು ರಸ್ತೆ ಸೇರಿದೆ. ಅಂದಿನಿಂದ ಮುಂದೆ 2.35, ಹಿಂದೆ ಜಾಗ ಹೆಚ್ಚು ಉಳಿಯುವಂತೆ 1.95ರ ಹಳೆಯ ಟೈರು. ಹದ ಮಳೆ ನಿಂತು ಹೊಲದ ದಾರಿ ಗಟ್ಟಿಯಾಗುವವರೆಗೆ ಇದನ್ನು ಬದಲಿಸುವುದಿಲ್ಲ.