ವಾರ್ಡ್ ಗ್ರೂಪಿಗೆ ಬರುವ ‘ಆರ್‌ಟಿಒ ಚಲನ್’ ಫೈಲ್ ಮುಟ್ಟಬೇಡಿ

ವಾರ್ಡ್ ಗ್ರೂಪು, ಸಂಘದ ಗ್ರೂಪು, ಪಕ್ಷದ ಬೂತ್ ಗ್ರೂಪುಗಳಲ್ಲೆಲ್ಲ ‘ಆರ್‌ಟಿಒ ಚಲನ್’ ಅನ್ನೋ ಹೆಸರಿನ ಫೈಲ್ ಓಡಾಡುತ್ತಿದೆ. ಅದು ದಂಡದ ಚಲನ್ ಅಲ್ಲ, ಎಪಿಕೆ. ಅಂದರೆ ಆಂಡ್ರಾಯ್ಡ್ ಆ್ಯಪ್. ಇನ್‌ಸ್ಟಾಲ್ ಮಾಡಿದರೆ ನಿಮ್ಮ ಎಸ್‌ಎಂಎಸ್‌ಗಳೆಲ್ಲ ಬೇರೆಯವರ ಕೈಗೆ ಹೋಗುತ್ತವೆ, ಅವುಗಳ ಹಿಂದೆಯೇ ದುಡ್ಡು. ಇದೇ ಸರಕು ಮದುವೆ ಕರೆಯೋಲೆ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಅಂತ ಬೇರೆ ಬೇರೆ ಹೆಸರಿನಲ್ಲೂ ಬರುತ್ತದೆ.

ನಮ್ಮ ತಾಲೂಕಿನ ಕಿರಾಣಿ ಅಂಗಡಿಯವರೊಬ್ಬರು ಸಿಕ್ಕಿಬಿದ್ದದ್ದು ಹೀಗೆ. ಶನಿವಾರ ರಾತ್ರಿ ವಾರ್ಡ್ ಗ್ರೂಪಿನಲ್ಲಿ ಫೈಲ್ ಬಂತು. ಕಳಿಸಿದ ನಂಬರು ಊರಿಗೆಲ್ಲ ಬೇಕಾದ ಮಾಜಿ ಪುರಸಭಾ ಸದಸ್ಯರದ್ದು. ಅವರ ಫೋನಿಗೆ ಅದಕ್ಕೂ ಮೊದಲೇ ಇದೇ ಆ್ಯಪ್ ಹೊಕ್ಕಿತ್ತು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಕಳ್ಳರು ಮೊದಲು ಒಟಿಪಿ ಓದಿ ವಾಟ್ಸ್‌ಆಪ್ ಖಾತೆಯನ್ನೇ ತಮ್ಮ ಫೋನಿಗೆ ಎಳೆದುಕೊಳ್ಳುತ್ತಾರೆ, ಆಮೇಲೆ ಆ ಹೆಸರಿನಲ್ಲಿ ಎಲ್ಲ ಗ್ರೂಪಿಗೂ ಫೈಲ್ ಹಾಕುತ್ತಾರೆ. ಹಾಗಾಗಿ ‘ಗೊತ್ತಿಲ್ಲದವರ ಫೈಲ್ ತೆರೆಯಬೇಡಿ’ ಅನ್ನೋ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು. ಇದು ಗೊತ್ತಿರುವವರ ನಂಬರಿನಿಂದಲೇ ಬರುತ್ತದೆ.

ಸರ್ಕಾರದ ರಿಯಾಯಿತಿ ಕಾಲವಂತೂ ಇವರಿಗೆ ಸುಗ್ಗಿ. ಸಂಚಾರ ದಂಡದ ಬಾಕಿಗೆ ಶೇ 50 ರಿಯಾಯಿತಿಯನ್ನು 2023ರ ಫೆಬ್ರವರಿಯಲ್ಲಿ ಕೊಟ್ಟರು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ಟಿವಿಯಲ್ಲಿ ರಿಯಾಯಿತಿಯದೇ ಸುದ್ದಿ. ಎಲ್ಲಿ ನೋಡಬೇಕು, ಎಲ್ಲಿ ಕಟ್ಟಬೇಕು ಅನ್ನೋದನ್ನು ಮಾತ್ರ ಸಣ್ಣ ಊರಿನವರಿಗೆ ಯಾರೂ ನೆಟ್ಟಗೆ ಹೇಳುವುದಿಲ್ಲ. ಆ ಖಾಲಿ ಜಾಗಕ್ಕೆ ಈ ಫೈಲ್ ಬಂದು ಕೂರುತ್ತದೆ. ಬಾಕಿ ನೋಡಬೇಕಾದರೆ ಪರಿವಾಹನ್ ಇ-ಚಲನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಇಲ್ಲವೇ ಪೊಲೀಸ್ ಠಾಣೆಗೆ ಹೋಗಿ ಕೇಳಿ. ನಿಜವಾದ ಚಲನ್ ವಾಟ್ಸ್‌ಆಪ್‌ನಲ್ಲಿ ಆ್ಯಪ್ ರೂಪದಲ್ಲಿ ಬರುವುದೇ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಫೈಲ್ ಹೆಸರಿನ ಕೆಳಗೆ ವಾಟ್ಸ್‌ಆಪ್ ಸಣ್ಣಕ್ಷರದಲ್ಲಿ ಗಾತ್ರ ಮತ್ತು ಜಾತಿ ತೋರಿಸುತ್ತದೆ. ಕಾಗದಪತ್ರವಾದರೆ ಪಿಡಿಎಫ್ ಅಂತಿರಬೇಕು. ಎಪಿಕೆ ಅಂತಿದ್ದರೆ ಅಲ್ಲಿಗೇ ಬಿಡಿ. ತಿಳಿಯದೆ ಒತ್ತಿದರೂ ಒಂದೇ ಏಟಿಗೆ ಮುಳುಗುವುದಿಲ್ಲ. ಈ ಮೂಲದಿಂದ ಆ್ಯಪ್ ಹಾಕಲು ಅನುಮತಿ ಇಲ್ಲ ಅಂತ ಆಂಡ್ರಾಯ್ಡ್ ತಡೆಯುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಬಟನ್ ಆನ್ ಮಾಡಬೇಕು. ಸಾಮಾನ್ಯವಾಗಿ ಪ್ಲೇ ಪ್ರೊಟೆಕ್ಟ್ (ಆ್ಯಪ್‌ಗಳನ್ನು ತಪಾಸಣೆ ಮಾಡುವ ಗೂಗಲ್‌ನ ಕಾವಲು) ಕೂಡ ಅಡ್ಡ ಬರುತ್ತದೆ. ಅದನ್ನೂ ದಾಟಿದರೆ ಆ್ಯಪ್ ಎಸ್‌ಎಂಎಸ್, ಕಾಲ್, ಕಾಂಟ್ಯಾಕ್ಟ್ಸ್ ಅನುಮತಿ ಕೇಳುತ್ತದೆ. ಚಲನ್ ತೋರಿಸೋಕೆ ಎಸ್‌ಎಂಎಸ್ ಯಾಕೆ ಬೇಕು? ಅಂಗಡಿಯ ಗಡಿಬಿಡಿಯಲ್ಲಿ ಗಿರಾಕಿಗೆ ಚಿಲ್ಲರೆ ಕೊಡುತ್ತಾ ‘ಅನುಮತಿಸಿ, ಅನುಮತಿಸಿ’ ಅಂತ ಒತ್ತುತ್ತಾ ಹೋದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಕೆಲವು ಆ್ಯಪ್‌ಗಳು ಒಂದು ರೂಪಾಯಿ ಕಟ್ಟಿ ಅಂತ ಕಾರ್ಡ್ ನಂಬರ್, ಪಿನ್ ಕೂಡ ತುಂಬಿಸಿಕೊಳ್ಳುತ್ತವೆ. ಆಮೇಲೆ ಐಕಾನ್ ಮಾಯ. ‘ಏನೂ ತೆರೆದುಕೊಳ್ಳಲಿಲ್ಲ’ ಅಂತ ಜನ ಸುಮ್ಮನಾಗುವುದು ಇಲ್ಲೇ.

ಅಂಗಡಿಯವರೂ ಸುಮ್ಮನಾದರು. ಭಾನುವಾರ ಬೆಳಿಗ್ಗೆ ಒಂದೆರಡು ಒಟಿಪಿ ಬಂದಿದ್ದು ಕಂಡಿತು. ಬ್ಯಾಂಕ್ ರಜೆ, ನಾಳೆ ವಿಚಾರಿಸೋಣ ಅಂದುಕೊಂಡರು. ಸೋಮವಾರದ ಹೊತ್ತಿಗೆ ಉಳಿತಾಯ ಖಾತೆ ಬರಿದಾಗಿತ್ತು, ನೆಟ್ ಬ್ಯಾಂಕಿಂಗ್‌ನಲ್ಲೇ ಎಫ್‌ಡಿ ಮುರಿದು ಅದನ್ನೂ ಸಾಗಿಸಿದ್ದರು. ಎಫ್‌ಡಿಗೆ ಕೈ ಹಾಕಲು ಬ್ಯಾಂಕಿಗೇ ಹೋಗಬೇಕು ಅಂತ ತಿಳಿದವರು ಊರಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ.

ಇನ್‌ಸ್ಟಾಲ್ ಆಗಿಬಿಟ್ಟಿದ್ದರೆ ಮೊದಲು ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ. ಏರ್‌ಪ್ಲೇನ್ ಮೋಡ್ ಒಂದನ್ನೇ ನಂಬಬೇಡಿ, ಎಷ್ಟೋ ಫೋನುಗಳಲ್ಲಿ ವೈಫೈ ಹಾಗೇ ಉಳಿಯುತ್ತದೆ. ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ (ಜಿಯೊ ಆದರೆ 4ಜಿ ಕೀಪ್ಯಾಡ್ ಫೋನೇ ಬೇಕು). ಆಗ ಒಟಿಪಿಗಳು ಅಲ್ಲಿಗೆ ಬರುತ್ತವೆ, ಯಾವ ಬ್ಯಾಂಕಿನ ಮೇಲೆ ಕೈ ಹಾಕಿದ್ದಾರೆ ಅನ್ನೋದೂ ಗೊತ್ತಾಗುತ್ತದೆ. ಬೇರೆ ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ ಹೇಳಿ ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅವರು ಕೇಳುವುದು ಖಾತೆ ನಂಬರ್, ಮೊತ್ತ, ಹೋದ ಸಮಯ ಮತ್ತು ವಹಿವಾಟಿನ ಉಲ್ಲೇಖ ಸಂಖ್ಯೆ. ಯುಪಿಐ ಆದರೆ ಅದು 12 ಅಂಕಿಯದ್ದು. ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹೊತ್ತು ಉಳಿಯುತ್ತದೆ. ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಸುವುದಷ್ಟೇ ಇಲ್ಲಿ ಸಾಧ್ಯ.

ಕಾಲ್ ಫಾರ್ವರ್ಡಿಂಗ್ (ನಿಮಗೆ ಬರುವ ಕರೆಯನ್ನು ಬೇರೆ ನಂಬರಿಗೆ ತಿರುಗಿಸುವುದು) ಆನ್ ಆಗಿದೆಯೇ ಅಂತ ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಕೇಳಿ ತೆಗೆಸಿ. ಆ್ಯಪ್ ಅಳಿಸಿದರೂ ಇದು ತಾನಾಗಿ ಹೋಗುವುದಿಲ್ಲ.

ಬಹಳ ಜನ ಎಡವುವುದು ಮೊಬೈಲ್ ಅಂಗಡಿಯಲ್ಲಿ. ಓಡಿಹೋಗಿ ಫೋನ್ ರಿಸೆಟ್ ಹೊಡೆಸುತ್ತಾರೆ. ಫೈಲ್, ಕಳಿಸಿದವರ ನಂಬರು, ಬ್ಯಾಂಕಿನ ಎಸ್‌ಎಂಎಸ್ ಎಲ್ಲ ಅಳಿಸಿಹೋಗುತ್ತದೆ, ಠಾಣೆಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ದೂರು, ಆಮೇಲೆ ರಿಸೆಟ್. ಫೋನಿನ ಪರದೆಯನ್ನು ಇನ್ನೊಂದು ಫೋನಿನಲ್ಲಿ ಫೋಟೊ ತೆಗೆದಿಡಿ.

ಬ್ಯಾಂಕಿಗೆ ತಿಳಿಸಿದ ಸಮಯಕ್ಕೆ ದಾಖಲೆ ಇರಲೇಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ‘ನೀವೇ ಆ್ಯಪ್ ಹಾಕಿಕೊಂಡಿರಿ’ ಅಂತ ಬ್ಯಾಂಕಿನವರು ಅಂದೇ ಅನ್ನುತ್ತಾರೆ. ಬ್ಯಾಂಕಿನ ಸಹಾಯವಾಣಿ ಕೊಡುವ ದೂರು ಸಂಖ್ಯೆ ಕೈಯಲ್ಲಿದ್ದರೆ ಆ ಗಳಿಗೆಯಿಂದಾಚೆಗೆ ಹೋದದ್ದಕ್ಕಾದರೂ ವಾದಿಸಬಹುದು.

ಇನ್ನು ಗ್ರೂಪ್ ಅಡ್ಮಿನ್‌ಗಳು. ಬೇರೆಯವರು ಹಾಕಿದ ಮೆಸೇಜನ್ನೂ ಅಡ್ಮಿನ್ ಎಲ್ಲರಿಗೂ ಅಳಿಸಬಹುದು. ಮೆಸೇಜ್ ಒತ್ತಿ ಹಿಡಿದು ಡಿಲೀಟ್ ಕೊಟ್ಟು, ‘ಎಲ್ಲರಿಗೂ ಅಳಿಸಿ’ ಅನ್ನೋದನ್ನು ಆರಿಸಿದರೆ ಆಯಿತು. ಕಳಿಸಿದವರು ‘ನಮ್ಮ ಪಕ್ಷದ ಹಿರಿಯರು, ಬೇಜಾರಾಗುತ್ತಾರೆ’ ಅಂತ ಮುಲಾಜು ನೋಡುತ್ತಾ ಫೈಲನ್ನು ಗಂಟೆಗಟ್ಟಲೆ ಬಿಡುವ ಅಡ್ಮಿನ್‌ಗಳೇ ಊರಲ್ಲಿ ಹೆಚ್ಚು. ಫೈಲ್ ಅಳಿಸಿ, ಆ ನಂಬರನ್ನು ಗ್ರೂಪಿನಿಂದ ತೆಗೆದು, ಅಸಲಿ ವ್ಯಕ್ತಿಗೆ ಮಾಮೂಲಿ ಕರೆ ಮಾಡಿ ತಿಳಿಸಿ. ವಾಟ್ಸ್‌ಆಪ್ ಕಳ್ಳರ ಕೈಯಲ್ಲಿರುವಾಗ ಅಲ್ಲಿ ಬರೆದರೆ ಓದುವವರೂ ಅವರೇ.